ದೇಶ ಬಿಡುವವರ ಪಿಎಫ್: ಭವಿಷ್ಯ ನಿಧಿ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಭವಿಷ್ಯ ನಿಧಿ ಆಯುಕ್ತರಿಗೆ ಬೆಂಗಳೂರಿನಿಂದ ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ನಿಮ್ಮದೇ 1952ರ ಇಪಿಎಫ್ (ನೌಕರರ ಭವಿಷ್ಯ ನಿಧಿ) ಯೋಜನೆಯ 69ನೇ ಪ್ಯಾರಾದಲ್ಲಿ ಒಂದು ಸಾಲಿದೆ. ವಿದೇಶದಲ್ಲಿ ಕಾಯಂ ಆಗಿ ನೆಲೆಸುವುದಕ್ಕೋ ಅಲ್ಲಿ ಕೆಲಸಕ್ಕೆ ಸೇರುವುದಕ್ಕೋ ದೇಶ ಬಿಡುವ ಸದಸ್ಯರು, ಹೊರಡುವ ಮುಂಚೆಯೇ ತಮ್ಮ ಖಾತೆಯ ಪೂರ್ತಿ ದುಡ್ಡು ತೆಗೆದುಕೊಳ್ಳಬಹುದು ಅಂತ. 55 ವರ್ಷ ತುಂಬಲಿ ಅಂತ ಕಾಯಬೇಕಿಲ್ಲ. ಕೆಲಸ ಬಿಟ್ಟು ಎರಡು ತಿಂಗಳು ಖಾಲಿ ಕೂತಿರಬೇಕು ಅನ್ನುವ ಷರತ್ತೂ ಇವರಿಗಿಲ್ಲ. ಓದುವುದಕ್ಕೆ ಬಹಳ ಚೆನ್ನಾಗಿದೆ. ಆದರೆ ಈ ಸಾಲನ್ನು ನಂಬಿಕೊಂಡು, ವಿಮಾನ ಹತ್ತುವ ಮೊದಲು ಆನ್‌ಲೈನಿನಲ್ಲಿ ಪಿಎಫ್ ತೆಗೆದುಕೊಂಡು ಹೋದವರನ್ನು ನಾನಂತೂ ಕಂಡಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಹಾಗಾಗಿದೆ. ಇಲ್ಲಿ ಪೂಜಾರಿ ಅಂದರೆ ನಿಮ್ಮ ಪೋರ್ಟಲ್.

ನನ್ನ ಪರಿಚಯ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಜಯನಗರದಲ್ಲಿ ಕೂತು ಸಣ್ಣಪುಟ್ಟ ಕಂಪನಿಗಳ ಸಂಬಳದ ಲೆಕ್ಕ, ಪಿಎಫ್, ಇಎಸ್‌ಐ ನೋಡಿಕೊಳ್ಳುವವಳು ನಾನು. ಐಟಿ ಕಂಪನಿಗಳೂ ಇವೆ, ಒಂದೆರಡು ಗಾರ್ಮೆಂಟ್ಸೂ ಇವೆ. ಕೆನಡಾಕ್ಕೆ ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ಕಿತು, ಜರ್ಮನಿಯಲ್ಲಿ ಕೆಲಸ ಸಿಕ್ಕಿತು, ಗಂಡ ಆಸ್ಟ್ರೇಲಿಯಾದಲ್ಲಿದ್ದಾರೆ ನಾನೂ ಹೋಗುತ್ತಿದ್ದೇನೆ ಅಂತ ಬಂದವರು ಕೊನೆಗೆ ಕೇಳುವುದು ಒಂದೇ ಪ್ರಶ್ನೆ: "ಮೇಡಂ, ನನ್ನ ಪಿಎಫ್ ಏನ್ ಮಾಡ್ಲಿ?" ಈ ಊರಿನಲ್ಲಿ ಆ ಪ್ರಶ್ನೆಗೆ ಬರವಿಲ್ಲ.

ಸುಮ್ನೆ ಒಂದು ಉದಾಹರಣೆ ತಗೊಳ್ಳೋಣ, ಎರಡು ತಿಂಗಳ ಹಳೆಯ ನಿಯಮದ್ದೇ ಇರಲಿ, 2025ರ ಬದಲಾವಣೆಗೆ ಆಮೇಲೆ ಬರುತ್ತೇನೆ. ಒಬ್ಬ ಹುಡುಗಿಗೆ ಜೂನ್ 30 ಆಫೀಸಿನಲ್ಲಿ ಕೊನೇ ದಿನ, ಜುಲೈ 10ಕ್ಕೆ ಟೊರೊಂಟೊಗೆ ಟಿಕೆಟ್. ಜೂನ್ ತಿಂಗಳ ವಂತಿಗೆ ಕಟ್ಟುವುದಕ್ಕೆ ಕಂಪನಿಗೆ ಜುಲೈ 15ರ ತನಕ ಟೈಮ್ ಇದೆ. ಅದು ಕಟ್ಟಿದ ಮೇಲೆ ನಾವು ಪೋರ್ಟಲಿನಲ್ಲಿ ಎಕ್ಸಿಟ್ ಡೇಟ್, ಅಂದರೆ ಕೆಲಸ ಬಿಟ್ಟ ದಿನ, ಹಾಕುತ್ತೇವೆ. ಕೆಲವು ಕಂಪನಿಗಳು ಅದನ್ನೂ ಹಾಕುವುದಿಲ್ಲ, ಹಾಗಾದರೆ ಸದಸ್ಯರೇ ಹಾಕಿಕೊಳ್ಳಬಹುದು ಅಂತ 2020ರಲ್ಲಿ ಸೌಲಭ್ಯ ಕೊಟ್ಟಿರಿ, ಒಳ್ಳೇದು, ಆದರೆ ಅದಕ್ಕೂ ಕೊನೆಯ ವಂತಿಗೆ ಬಂದು ಎರಡು ತಿಂಗಳು ಆಗಿರಬೇಕು. ಆಮೇಲೆ ಆನ್‌ಲೈನಿನಲ್ಲಿ ಪಿಎಫ್ ಪೂರ್ತಿ ತೆಗೆಯುವ ಅರ್ಜಿ, ಫಾರ್ಮ್ 19, ತೆರೆದುಕೊಳ್ಳುವುದೂ ಎಕ್ಸಿಟ್ ಆಗಿ ಎರಡು ತಿಂಗಳಾದ ಮೇಲೇ. ಅಂದರೆ ಸೆಪ್ಟೆಂಬರ್. ಅಷ್ಟೊತ್ತಿಗೆ ಆ ಹುಡುಗಿ ಟೊರೊಂಟೊದಲ್ಲಿ ಚಳಿಗಾಲದ ಜಾಕೆಟ್ ಹುಡುಕುತ್ತಿರುತ್ತಾಳೆ. ಹೊರಡುವ ಮುಂಚೆ ಕೊಡಿ ಅಂತ ಯೋಜನೆ ಹೇಳುತ್ತೆ, ಹೊರಟು ಎರಡು ತಿಂಗಳಾದ ಮೇಲೆ ಬಾ ಅಂತ ಸಾಫ್ಟ್‌ವೇರ್ ಹೇಳುತ್ತೆ.

ನಮ್ಮ ಕಡೆಯ ಸ್ಕ್ರೀನೂ ಇದಕ್ಕೆ ಹೊರತಲ್ಲ. ಎಕ್ಸಿಟ್ ಹಾಕುವಾಗ ಕಾರಣ ಆರಿಸಬೇಕು. ನಿವೃತ್ತಿ, ಮರಣ, ಶಾಶ್ವತ ಅಂಗವೈಕಲ್ಯ ಇವೆಲ್ಲ ಅದರಲ್ಲಿವೆ. ಕೆನಡಾಕ್ಕೆ ಹೊರಟವಳನ್ನೂ, ಪಕ್ಕದ ಬೀದಿಯ ಕಂಪನಿಗೆ ಜಿಗಿದವಳನ್ನೂ ನಾವು ಒಂದೇ 'ಸೆಸ್ಸೇಶನ್' (ಕೆಲಸ ನಿಂತಿತು) ಅಂತ ಹಾಕಿ ಕಳಿಸುತ್ತೇವೆ. ದೇಶ ಬಿಟ್ಟರು ಅನ್ನುವ ಸುದ್ದಿ ಅಲ್ಲಿಗೇ ಕಳೆದುಹೋಗುತ್ತೆ.

ಆನ್‌ಲೈನ್ ಬೇಡ, ಕಾಗದದ ಫಾರ್ಮ್ ತುಂಬಿ ಕಚೇರಿಗೆ ಕೊಡಿ ಅಂತ ನೀವು ಹೇಳಬಹುದು. ದಾರಿ ಇದೆ ನಿಜ. ಆದರೆ ಯಾವ ಕಾಗದ ಕೊಟ್ಟರೆ "ಇವರು ಕಾಯಂ ಆಗಿ ಹೋಗುತ್ತಿದ್ದಾರೆ" ಅಂತ ಒಪ್ಪುತ್ತೀರಿ? ಆ ಪ್ಯಾರಾದಲ್ಲಿ ಅದನ್ನು ಬರೆದಿಲ್ಲ. ಬರೆಯದೆ ಬಿಟ್ಟಿದ್ದರಿಂದ ಒಂದು ಕೌಂಟರಿನಲ್ಲಿ ಪಾಸ್‌ಪೋರ್ಟು, ವೀಸಾ, ಟಿಕೆಟ್ ಸಾಕು ಅಂತಾರೆ. ಇನ್ನೊಂದರಲ್ಲಿ ಇದು ವರ್ಕ್ ವೀಸಾ ಅಲ್ವಾ, ಇದು ಕಾಯಂ ಹೇಗಾಗುತ್ತೆ ಅಂತಾರೆ. ಪ್ಯಾರಾದಲ್ಲಿ 'ಕೆಲಸಕ್ಕೆ' ಅಂತಲೂ ಇದೆ ಅಂತ ತೋರಿಸಿದರೆ, ಮೇಲಿನವರನ್ನು ಕೇಳಿ ಹೇಳುತ್ತೇವೆ ಅಂತಾರೆ. ಅವರನ್ನೂ ದೂರುವುದಿಲ್ಲ ನಾನು. ತಪ್ಪು ಕ್ಲೇಮ್ ಪಾಸ್ ಮಾಡಿದರೆ ಆಮೇಲೆ ಉತ್ತರ ಕೊಡಬೇಕಾದವರು ಅವರೇ.

ಪಕ್ಕದಲ್ಲೇ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ನೋಡಿ. ಅದೂ ಸರ್ಕಾರದ್ದೇ. 2019ರ ಪಿಪಿಎಫ್ ಯೋಜನೆಯಲ್ಲಿ, ಐದು ವರ್ಷ ಆಗಿದ್ದು ಖಾತೆದಾರರು ಅನಿವಾಸಿ ಆದರೆ ಅವಧಿಗೆ ಮುಂಚೆ ಖಾತೆ ಮುಚ್ಚಬಹುದು, ಅದಕ್ಕೆ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ ಇಲ್ಲವೇ ಆದಾಯ ತೆರಿಗೆ ರಿಟರ್ನ್ ಕೊಡಿ, ಬಡ್ಡಿಯಲ್ಲಿ ಶೇಕಡಾ 1 ಕಡಿಮೆ ಸಿಗುತ್ತೆ ಅಂತ ಬಿಡಿಸಿ ಬರೆದಿದ್ದಾರೆ. ಇಷ್ಟವಾಗುತ್ತೋ ಇಲ್ಲವೋ, ಅರ್ಥವಂತೂ ಆಗುತ್ತೆ. ನ್ಯೂಜಿಲೆಂಡಿನ ನಿವೃತ್ತಿ ಉಳಿತಾಯ ಯೋಜನೆಯಾದ ಕಿವಿಸೇವರ್‌ನಲ್ಲಿ ದೇಶ ಬಿಟ್ಟು ಒಂದು ವರ್ಷ ಆಗುವ ತನಕ ಮುಟ್ಟುವ ಹಾಗಿಲ್ಲ, ಆಮೇಲೆ ಸರ್ಕಾರ ಹಾಕಿದ ಪಾಲು ಬಿಟ್ಟು ಉಳಿದದ್ದನ್ನು ತೆಗೆಯಬಹುದು. ಆಸ್ಟ್ರೇಲಿಯಾಕ್ಕೆ ಹೋದವರಿಗೆ ಅದೂ ಇಲ್ಲ, ಅಲ್ಲಿನ ಫಂಡಿಗೆ ವರ್ಗಾಯಿಸಿಕೊಳ್ಳಬೇಕು. ನಮ್ಮದಕ್ಕಿಂತ ಬಿಗಿ. ಆದರೂ ಹೋಗುವವರಿಗೆ ಹೋಗುವ ಮೊದಲೇ ಎಲ್ಲ ಗೊತ್ತಿರುತ್ತೆ.

ಈಗ 2025ರ ಅಕ್ಟೋಬರ್ 13ರ ನಿಮ್ಮ ಟ್ರಸ್ಟಿಗಳ ಮಂಡಳಿಯ ತೀರ್ಮಾನಕ್ಕೆ ಬರುತ್ತೇನೆ. ಹದಿಮೂರು ಬಗೆಯ ಮುಂಗಡಗಳನ್ನು ಮೂರಕ್ಕೆ ಇಳಿಸಿದ್ದು ಒಳ್ಳೆಯ ಕೆಲಸ. ಆದರೆ ಕೆಲಸ ಬಿಟ್ಟವರು ಶೇಕಡಾ 75 ತಕ್ಷಣ ತೆಗೆದುಕೊಳ್ಳಬಹುದು, ಉಳಿದ 25ಕ್ಕೆ ಹನ್ನೆರಡು ತಿಂಗಳು ಕಾಯಬೇಕು ಅಂದಿರಿ. ನಾನು ಮೇಲೆ ಹೇಳಿದ ಎರಡು ತಿಂಗಳು ಇದಕ್ಕೆ ಮುಂಚಿನ ನಿಯಮದ್ದು. ಗಲಾಟೆ ಎದ್ದ ಮೇಲೆ ಬಂದ ಸ್ಪಷ್ಟೀಕರಣದಲ್ಲಿ 55 ದಾಟಿ ನಿವೃತ್ತರಾದವರು, ಶಾಶ್ವತ ಅಂಗವೈಕಲ್ಯ ಆದವರು, ಕಂಪನಿಯೇ ಕೆಲಸದಿಂದ ತೆಗೆದವರು, ಸ್ವಯಂ ನಿವೃತ್ತಿ ಪಡೆದವರು, ಭಾರತವನ್ನು ಕಾಯಂ ಆಗಿ ಬಿಟ್ಟವರು ಪೂರ್ತಿ ತೆಗೆದುಕೊಳ್ಳಬಹುದು ಅಂತ ಹೇಳಿದಿರಿ. ಹಳೆಯ ಪ್ಯಾರಾದಲ್ಲಿ ಇದ್ದ 'ವಿದೇಶದಲ್ಲಿ ಕೆಲಸಕ್ಕೆ' ಅನ್ನುವ ಮಾತು ಈ ಪಟ್ಟಿಯಲ್ಲಿ ಎಲ್ಲಿ ಹೋಯಿತು? ಜರ್ಮನಿಗೆ ಬ್ಲೂ ಕಾರ್ಡ್ ಮೇಲೆ, ಅಮೆರಿಕಕ್ಕೆ ಎಚ್-1ಬಿ ಮೇಲೆ ಹೋಗುವ ಹುಡುಗರ ವೀಸಾದಲ್ಲಿ ಮೊದಲ ದಿನವೇ ಕಾಯಂ ಅಂತ ಯಾರೂ ಠಸ್ಸೆ ಹೊಡೆದು ಕೊಡುವುದಿಲ್ಲ. ಅದು ಸಿಗುವುದಕ್ಕೆ ವರ್ಷಗಳು ಬೇಕು, ಅಮೆರಿಕದಲ್ಲಾದರೆ ಎಷ್ಟು ವರ್ಷ ಅಂತ ಕೇಳಲೇಬೇಡಿ. ಮೊದಲು ಎರಡು ತಿಂಗಳ ವ್ಯತ್ಯಾಸ ಇದ್ದಾಗ ಈ ಗೊಂದಲ ಹೇಗೋ ನಡೆದುಹೋಗುತ್ತಿತ್ತು. ಹನ್ನೆರಡು ತಿಂಗಳಾದ ಮೇಲೆ ಹಾಗೆ ನಡೆಯುವುದಿಲ್ಲ. ಆದ್ದರಿಂದ ಕೆಲಸಕ್ಕೆ ಹೋಗುವವರೂ ಸೇರುತ್ತಾರೋ ಇಲ್ಲವೋ, ದಯವಿಟ್ಟು ಎರಡೇ ಸಾಲಿನಲ್ಲಿ ಬರೆದುಬಿಡಿ.

ಹೊರಟ ಮೇಲೆ ಏನಾಗುತ್ತೆ ಅಂತಲೂ ಕೇಳಿ. ಕ್ಲೇಮ್ ಹಾಕುವುದಕ್ಕೆ ಆಧಾರ್ ಓಟಿಪಿ ಬೇಕು, ಅದು ಬರುವುದು ಆಧಾರ್‌ಗೆ ಜೋಡಿಸಿದ ಭಾರತದ ನಂಬರಿಗೆ. ವಿದೇಶಿ ನಂಬರ್ ಆಧಾರ್‌ಗೆ ಜೋಡಿಸಲು ಬರುವುದಿಲ್ಲ. 90 ದಿನ ಬಳಸದೆ ಬಿಟ್ಟರೆ ಸಿಮ್ಮೇ ಬಂದ್ ಆಗಬಹುದು ಅನ್ನುವ ಭಯ ಬೇರೆ. ಹಾಗಾಗಿ ಎಲ್ಲರೂ ಕಂಡುಕೊಂಡ ಉಪಾಯ ಒಂದೇ, ಸಿಮ್ಮನ್ನು ಅಪ್ಪನ ಹತ್ತಿರ ಬಿಟ್ಟು ಹೋಗುವುದು.

ನಮ್ಮ ಒಂದು ಕಂಪನಿಯಲ್ಲಿದ್ದ ಹುಡುಗಿಯ ಅಪ್ಪ ಹಾಸನದ ಕಡೆಯ ಹಳ್ಳಿಯಲ್ಲಿದ್ದಾರೆ, ರಿಟೈರ್ಡ್ ಮೇಷ್ಟ್ರು. ಮಗಳ ಸಿಮ್ಮನ್ನು ಹಳೆಯ ಕೀಪ್ಯಾಡ್ ಫೋನಿಗೆ ಹಾಕಿಕೊಂಡು ತಪ್ಪದೆ ರೀಚಾರ್ಜ್ ಮಾಡಿಸುತ್ತಾರೆ. ಆ ಫೋನಿಗೆ ಸಿಗ್ನಲ್ ಸಿಗುವುದು ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಮಾತ್ರ, ವಾಟ್ಸಾಪ್ ಇರುವ ಇನ್ನೊಂದು ಫೋನ್ ಓಡುವುದು ಒಳಗಿನ ವೈಫೈ ಮೇಲೆ. ಕ್ಲೇಮ್ ಹಾಕುವ ದಿನ ನಾನೂ ಕರೆಯಲ್ಲಿದ್ದೆ. ಮಗಳಿಗೆ ರಾತ್ರಿ ಆಗಿತ್ತು, ಇವರು ಬೆಳಗಿನ ಕಾಫಿ ಲೋಟ ಕೆಳಗಿಟ್ಟು ಹಿತ್ತಿಲಿಗೂ ನಡುಮನೆಗೂ ಓಡಾಡುತ್ತಿದ್ದರು. ಆರು ಅಂಕಿಯನ್ನು ಅಲ್ಲಿ ಬಾಯಿಪಾಠ ಮಾಡಿಕೊಂಡು ಬಂದು ಇಲ್ಲಿ ಒಪ್ಪಿಸಬೇಕು. "ನಾಲ್ಕು, ಏಳು... ತಡಿಯಮ್ಮಾ, ಅದು ಒಂದೋ ಏಳೋ, ಕನ್ನಡಕ ತರ್ತೀನಿ" ಅನ್ನುವಷ್ಟರಲ್ಲಿ ಅದರ ಅವಧಿ ಮುಗಿಯಿತು. ಮತ್ತೆ ಕಳಿಸಿದಾಗ ಮೇಷ್ಟ್ರು ಮೆಸೇಜ್ ಪೂರ್ತಿ ಓದಿದರು. ಓದಿ, "ಅಲ್ಲಮ್ಮಾ, ಇದನ್ನು ಯಾರಿಗೂ ಹೇಳಬೇಡಿ ಅಂತ ಇದರಲ್ಲೇ ಬರೆದಿದ್ದಾರಲ್ಲ, ಹೇಳ್ಲಾ ಬೇಡ್ವಾ?" ಅಂದರು.

ನಗು ಬಂತು, ಸಿಟ್ಟೂ ಬಂತು. ಓಟಿಪಿ ಯಾರಿಗೂ ಕೊಡಬೇಡಿ ಅಂತ ಬ್ಯಾಂಕು, ಪೊಲೀಸು, ನೀವು, ಎಲ್ಲರೂ ಹೇಳುತ್ತೀರಿ. ದೇಶ ಬಿಟ್ಟವರಿಗೆ ಮಾತ್ರ ಕೊಡದೆ ಬೇರೆ ದಾರಿಯೇ ಇಲ್ಲ. ಎಲ್ಲರಿಗೂ ಇಂಥ ಅಪ್ಪ ಇರುವುದೂ ಇಲ್ಲ. ಅಪ್ಪ ಅಮ್ಮ ತೀರಿಕೊಂಡವರು ಸಿಮ್ಮನ್ನು ಸ್ನೇಹಿತರ ಕೈಗೋ ಏಜೆಂಟರ ಕೈಗೋ ಕೊಟ್ಟು ಹೋಗುತ್ತಾರೆ. ಜೀವಮಾನದ ಉಳಿತಾಯದ ಬೀಗದ ಕೈ ಆ ಸಿಮ್. ಮೊದಲೇ ನೋಂದಾಯಿಸಿದ ಈಮೇಲಿಗೆ ಓಟಿಪಿ ಕಳಿಸುವುದೋ, ಪಾಸ್‌ಪೋರ್ಟ್ ಮೇಲೆ ಗುರುತು ಖಚಿತ ಮಾಡಿಕೊಳ್ಳುವುದೋ, ಏನಾದರೊಂದು ಮಾಡಿ. ಅದಕ್ಕಿಂತ ಸುಲಭ, ಅವರು ಇನ್ನೂ ಬೆಂಗಳೂರಿನಲ್ಲಿ ಇರುವಾಗಲೇ ಕ್ಲೇಮ್ ತೆಗೆದುಕೊಂಡುಬಿಡುವುದು. ನಿಮ್ಮ ಪ್ಯಾರಾ ಹೇಳುವುದೂ ಅದನ್ನೇ ಅಲ್ವಾ?

ಹೆಸರಿನ ಗೋಳು ನಮ್ಮ ಕನ್ನಡದವರಿಗೆ ಸ್ವಲ್ಪ ಜಾಸ್ತಿ. ನಮ್ಮಲ್ಲಿ ಸರ್‌ನೇಮ್ ಇಲ್ಲದವರು ಬಹಳ. ಇನಿಷಿಯಲ್ಲಿನಲ್ಲಿ ಒಂದು ಊರಿನ ಹೆಸರು, ಒಂದು ಅಪ್ಪನ ಹೆಸರು. ಪಿಎಫ್‌ನಲ್ಲಿ ರಮ್ಯಾ ಎಚ್ ಎಸ್, ಪಾಸ್‌ಪೋರ್ಟಿನಲ್ಲಿ ರಮ್ಯಾ ಹೊಳೆನರಸೀಪುರ ಶಿವಣ್ಣ. ಎರಡೂ ಒಬ್ಬಳೇ ಅಂತ ಯಂತ್ರಕ್ಕೆ ತಿಳಿಯುವುದಿಲ್ಲ. 2025ರ ಜನವರಿಯಿಂದ, 2017ರ ಅಕ್ಟೋಬರ್ ನಂತರ ಯುಎಎನ್ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಪಡೆದವರು ಹೆಸರು, ಹುಟ್ಟಿದ ದಿನ ಇಂಥವನ್ನು ತಾವೇ ಸರಿ ಮಾಡಿಕೊಳ್ಳಬಹುದು. ಇದಕ್ಕೆ ನಿಜವಾಗಿ ಧನ್ಯವಾದ. ಅದಕ್ಕೂ ಹಳೆಯ ಸದಸ್ಯರಿಗೆ ಕಂಪನಿಯ ಒಪ್ಪಿಗೆ ಬೇಕು, ಮತ್ತು ಬೆಂಗಳೂರಿನಲ್ಲಿ ಹತ್ತು ವರ್ಷದ ಹಿಂದಿನ ಎಷ್ಟು ಸ್ಟಾರ್ಟಪ್‌ಗಳು ಈಗ ಉಸಿರಾಡುತ್ತಿವೆ ಅಂತ ನಿಮಗೂ ಗೊತ್ತು.

ಬ್ಯಾಂಕಿನದೂ ಇಂಥದ್ದೇ. ಅನಿವಾಸಿ ಆದವರು ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ (ಅನಿವಾಸಿಗಳ ಖಾತೆಗೆ) ಬದಲಿಸಲೇಬೇಕು, ಅದು ವಿದೇಶಿ ವಿನಿಮಯದ ಫೆಮಾ ಕಾಯ್ದೆ. ಕಾನೂನು ಪಾಲಿಸಿ ಖಾತೆ ಬದಲಿಸಿದವರ ಖಾತೆ ಸಂಖ್ಯೆ ಬದಲಾದರೆ ಪಿಎಫ್ ದುಡ್ಡು ಹೋಗಿ ವಾಪಸ್ ಬರುತ್ತೆ, ಮತ್ತೆ ಕೆವೈಸಿ. ಬದಲಿಸದೆ ಸುಮ್ಮನಿದ್ದವರಿಗೆ ಸಲೀಸಾಗಿ ಜಮಾ ಆಗುತ್ತೆ.

ತೆರಿಗೆಯ ಮಾತು ನಿಮ್ಮ ಕೈಯಲ್ಲಿಲ್ಲ, ಆದರೆ ಹೊರಡುವವರು ಓದಲಿ ಅಂತ ಬರೆಯುತ್ತೇನೆ. ಐದು ವರ್ಷ ಸತತ ಸೇವೆ ಆಗುವ ಮೊದಲೇ ಪಿಎಫ್ ತೆಗೆದರೆ ಅದಕ್ಕೆ ತೆರಿಗೆ ಇದೆ. 50,000 ರೂಪಾಯಿ ಮುಟ್ಟಿದರೆ ಕೊಡುವಾಗಲೇ ಟಿಡಿಎಸ್ ಹಿಡಿಯುತ್ತಾರೆ. ತೆರಿಗೆ ಕಟ್ಟುವಷ್ಟು ಆದಾಯ ನನಗಿಲ್ಲ ಅಂತ ಘೋಷಣೆ ಕೊಟ್ಟು ತಪ್ಪಿಸಿಕೊಳ್ಳೋಣ ಅಂದರೆ ಅದು ನಿವಾಸಿಗಳಿಗೆ ಮಾತ್ರ, ಅನಿವಾಸಿ ಆದ ಮೇಲೆ ನಡೆಯುವುದಿಲ್ಲ. ಮೂರು ಕಂಪನಿಯಲ್ಲಿ ಎರಡೆರಡು ವರ್ಷ ಮಾಡಿದವರು ಮೊದಲು ಹಳೆಯ ಖಾತೆಗಳನ್ನೆಲ್ಲ ಈಗಿನದಕ್ಕೆ ಟ್ರಾನ್ಸ್‌ಫರ್ ಮಾಡಿಸಿಕೊಳ್ಳಿ, ಆಗ ಎಲ್ಲ ಸೇವೆ ಒಟ್ಟಾಗಿ ಐದು ದಾಟುತ್ತೆ.

ಹಾಗಾದರೆ ತೆಗೆಯುವುದೇ ಬೇಡ, ಇಲ್ಲೇ ಇರಲಿ, 8.25 ಬಡ್ಡಿ ಬೇರೆಲ್ಲಿ ಸಿಗುತ್ತೆ ಅನ್ನುವವರಿದ್ದಾರೆ. ನಾನೂ ಕೆಲವರಿಗೆ ಹಾಗೇ ಹೇಳಿದ್ದೇನೆ. ಕಾಯಂ ಅಂತ ಹೋದ ಎಷ್ಟೋ ಜನ ಮೂರನೇ ವರ್ಷಕ್ಕೆ ಅಪ್ಪ ಅಮ್ಮನಿಗೆ ವಯಸ್ಸಾಯ್ತು ಅಂತ ಬನಶಂಕರಿಗೆ ವಾಪಸ್ ಬಂದು ಬಾಡಿಗೆ ಮನೆ ಹುಡುಕುವುದನ್ನು ನೋಡಿದ್ದೇವಲ್ಲ. ಆದರೆ ಎರಡು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಒಂದು, ಕೆಲಸ ಬಿಟ್ಟ ಮೇಲೆ ಸೇರುವ ಬಡ್ಡಿಗೆ ತೆರಿಗೆ ಇದೆ ಅಂತ ಇದೇ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ ಹೇಳಿದೆ. ಇನ್ನೊಂದು, 58ರ ತನಕ ಬಡ್ಡಿ ಬರುತ್ತೆ ಅನ್ನುವುದು ಇಲ್ಲೇ ಇರುವವರಿಗೆ ನಿಜ, ಕಾಯಂ ಆಗಿ ವಿದೇಶಕ್ಕೆ ಹೋದವರಿಗೆ ಅಲ್ಲ. ಅವರು 36 ತಿಂಗಳೊಳಗೆ ಕ್ಲೇಮ್ ಹಾಕದಿದ್ದರೆ ಖಾತೆ ನಿಷ್ಕ್ರಿಯ, ಬಡ್ಡಿ ನಿಲ್ಲುತ್ತೆ. ಅಂದರೆ ತಡ ಮಾಡಿದವರಿಗೆ ದಂಡ ಹಾಕುವಾಗ ಇವರು ದೇಶ ಬಿಟ್ಟವರು ಅಂತ ನಿಯಮಕ್ಕೆ ಚೆನ್ನಾಗಿ ನೆನಪಿರುತ್ತೆ, ದುಡ್ಡು ಕೇಳಿದಾಗ ಮರೆತುಹೋಗುತ್ತೆ.

ನಿವೃತ್ತಿಗೆ ಅಂತ ಇಟ್ಟ ದುಡ್ಡನ್ನು ಮೊದಲೇ ಕೊಟ್ಟರೆ ಮುಗೀತು, ಜನ ಖರ್ಚು ಮಾಡಿಬಿಡುತ್ತಾರೆ ಅನ್ನುವ ವಾದವೂ ನಿಮ್ಮ ಕಡೆ ಇದೆ. ಆ ವಾದಕ್ಕೆ ಬೆಂಗಳೂರು ಒಮ್ಮೆ ಬೀದಿಯಲ್ಲೇ ಉತ್ತರ ಕೊಟ್ಟಿದೆ. 2016ರ ಏಪ್ರಿಲ್ 18 ಮತ್ತು 19, ಹೊಸೂರು ರಸ್ತೆ. ಕಂಪನಿ ಪಾಲಿನ ದುಡ್ಡು 58 ವರ್ಷದ ತನಕ ಸಿಗುವುದಿಲ್ಲ ಅನ್ನುವ ನಿಯಮ ಬಂದಾಗ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಷೀನ್ ಬಿಟ್ಟು ಎದ್ದು ಬಂದರು, ಬೊಮ್ಮನಹಳ್ಳಿಯಿಂದ ಶುರುವಾಗಿ ಊರಿನ ನಾಲ್ಕೂ ಕಡೆ ಹಬ್ಬಿತು, ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಆ ಹೆಣ್ಣುಮಕ್ಕಳಲ್ಲಿ ಯಾರೂ ಕೆನಡಾಕ್ಕೆ ಹೋಗುವವರಲ್ಲ. ಮಗಳ ಮದುವೆ, ಊರಿನ ಸಾಲ, ಬೆನ್ನುನೋವು ತಡೆಯದೆ ಕೆಲಸ ಬಿಟ್ಟು ಮಂಡ್ಯ, ತುಮಕೂರಿನ ಕಡೆಗೆ ಹಿಂತಿರುಗುವುದು, ಅದಕ್ಕೆ ಬೇಕಿತ್ತು ಅವರಿಗೆ.

ಇದನ್ನು ಯಾಕೆ ಎತ್ತಿದೆ ಅಂದರೆ, ನಾನು ಬರೆಯುತ್ತಿರುವುದು ಪಾಸ್‌ಪೋರ್ಟ್ ಇರುವವರ ಪರವಾಗಿ ಮಾತ್ರ ಅಂತ ಅಂದುಕೊಳ್ಳಬೇಡಿ. ದೇಶ ಬಿಡುವವರಿಗೆ ಪೂರ್ತಿ, ಊರಿಗೆ ವಾಪಸ್ ಹೋಗುವ ಟೈಲರಮ್ಮನಿಗೆ ಕೊನೆಯ ಕಾಲು ಭಾಗಕ್ಕೆ ಒಂದು ವರ್ಷ ತಡೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಆ ಪತ್ರವನ್ನು ಬೇರೆಯೇ ಬರೆಯಬೇಕು, ಬರೆಯುತ್ತೇನೆ.

ಸದ್ಯಕ್ಕೆ ಕೇಳುವುದು ಇಷ್ಟು. ಎಕ್ಸಿಟ್ ಕಾರಣಗಳಲ್ಲಿ 'ವಿದೇಶಕ್ಕೆ' ಅಂತ ಒಂದು ಆಯ್ಕೆ ಸೇರಿಸಿ. ಅದನ್ನು ಆರಿಸಿದರೆ ಕಾಯುವ ಅವಧಿಯ ಬೀಗ ತಾನಾಗೇ ತೆರೆಯಲಿ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಅಪ್‌ಲೋಡ್ ಮಾಡಲು ಜಾಗ ಕೊಡಿ, ಇಷ್ಟೇ ಸಾಕು ಅಂತ ಬರೆದು ಹಾಕಿ. ಕೊನೆ ತಿಂಗಳ ವಂತಿಗೆ ಇನ್ನೂ ಬಂದಿಲ್ಲ ಅಂತ ಇಡೀ ಕ್ಲೇಮ್ ನಿಲ್ಲಿಸಬೇಡಿ, ಇರುವುದನ್ನು ಕೊಟ್ಟು ಆ ಒಂದು ತಿಂಗಳದ್ದನ್ನು ಆಮೇಲೆ ಅದೇ ಖಾತೆಗೆ ಹಾಕಿ. ಇದಕ್ಕೆ ಕಾಯ್ದೆ ತಿದ್ದಬೇಕಿಲ್ಲ.

ಕಾಯ್ದೆ ಕಡೆಯಿಂದಲೇ ಆಗಬೇಕಾದದ್ದು ಪೆನ್ಷನ್. ಕಂಪನಿ ಕಟ್ಟುವ ಶೇಕಡಾ 12ರಲ್ಲಿ 8.33 ಪೆನ್ಷನ್ ಫಂಡಿಗೆ ಹೋಗುತ್ತೆ, 15,000 ಸಂಬಳದ ಮಿತಿಯಲ್ಲಿ ಅದು ತಿಂಗಳಿಗೆ 1,250 ರೂಪಾಯಿ. ಸೇವೆ ಹತ್ತು ವರ್ಷಕ್ಕಿಂತ ಕಡಿಮೆ ಇದ್ದರೆ ಫಾರ್ಮ್ 10ಸಿ ಹಾಕಿ ದುಡ್ಡು ತೆಗೆಯಬಹುದು, ಅದಕ್ಕೂ ಇನ್ನು ಎರಡು ತಿಂಗಳ ಬದಲು 36 ತಿಂಗಳು ಕಾಯಬೇಕು ಅಂತ ಅದೇ ಅಕ್ಟೋಬರಿನಲ್ಲಿ ತೀರ್ಮಾನ ಮಾಡಿದಿರಿ. ಒಂಬತ್ತೂವರೆ ವರ್ಷ ದಾಟಿದರೆ ಅದನ್ನು ಹತ್ತು ಅಂತಲೇ ಲೆಕ್ಕ ಹಾಕಿ, ತೆಗೆಯುವುದಕ್ಕೇ ಬಿಡುವುದಿಲ್ಲ. ದೇಶ ಬಿಟ್ಟರೂ ಇಲ್ಲ. 58ಕ್ಕೆ ಪೆನ್ಷನ್, ಅವಸರವಿದ್ದರೆ 50ಕ್ಕೆ, ವರ್ಷಕ್ಕೆ ಶೇಕಡಾ 4 ಕಡಿತ. ಜರ್ಮನಿ, ಕೆನಡಾ, ಆಸ್ಟ್ರೇಲಿಯಾ, ಜಪಾನ್‌ನಂಥ ದೇಶಗಳ ಜೊತೆ ನಮಗೆ ಸಾಮಾಜಿಕ ಭದ್ರತೆಯ ಒಪ್ಪಂದ ಇದೆ, ಹಾಗಾಗಿ ಅಲ್ಲಿಗೆ ಹೋಗುವ ಕೆಲವರಿಗೆ ಇಲ್ಲಿನ ಸೇವೆ ಉಳಿಸಿಕೊಳ್ಳುವುದರಲ್ಲಿ ಲಾಭ ಇರಬಹುದು. ಉಳಿದವರ ಲೆಕ್ಕ ನೋಡಿ. 15,000ವನ್ನು ಹತ್ತು ವರ್ಷದಿಂದ ಗುಣಿಸಿ ನಿಮ್ಮ ಸೂತ್ರದ ಪ್ರಕಾರ 70ರಿಂದ ಭಾಗಿಸಿದರೆ ತಿಂಗಳಿಗೆ ಹತ್ತಿರ ಹತ್ತಿರ 2,140 ರೂಪಾಯಿ. 34ರ ಹರೆಯದಲ್ಲಿ ಹೊರಟ ಹುಡುಗನಿಗೆ ಇದು 24 ವರ್ಷ ಆದ ಮೇಲೆ ಬರುತ್ತೆ, ಅದಕ್ಕಾಗಿ ಅವನು ಇಲ್ಲೊಂದು ಬ್ಯಾಂಕ್ ಖಾತೆ ಅಲ್ಲಿಯವರೆಗೂ ಜೀವಂತ ಇಟ್ಟುಕೊಂಡು, ಆಮೇಲೆ ತಾನೂ ಜೀವಂತ ಇದ್ದೇನೆ ಅಂತ ಪ್ರತಿ ವರ್ಷ ಪ್ರಮಾಣ ಪತ್ರ ಕೊಡಬೇಕು. ಬೇಕಾದವರು ಪೆನ್ಷನ್ ಇಟ್ಟುಕೊಳ್ಳಲಿ. ಬೇರೆ ದೇಶದ ಪೌರತ್ವವನ್ನೇ ತೆಗೆದುಕೊಂಡು ಭಾರತದ ಪಾಸ್‌ಪೋರ್ಟ್ ಒಪ್ಪಿಸಿದವರಿಗಾದರೂ ಆ ದುಡ್ಡನ್ನು ಒಂದೇ ಸಲ ತೆಗೆದುಕೊಂಡು ಖಾತೆ ಮುಗಿಸುವ ಅವಕಾಶ ಕೊಡಿ. ಮುಂದಿನ ಟ್ರಸ್ಟಿಗಳ ಸಭೆಯಲ್ಲಿ ಇದನ್ನು ಚರ್ಚೆಗೆ ತನ್ನಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ,
ಜಯನಗರದಿಂದ ಒಬ್ಬ ಪೇರೋಲ್ ಕೆಲಸಗಾರ್ತಿ